ಜೀರ್ಣೋದ್ಧಾರವೂ ರೂಪಾಂತರವೂ

ಹಳೆಯ ವಸ್ತುವೊಂದು ಕೆಟ್ಟು ನಿಂತಾಗ ಅದನ್ನು ಸರಿಪಡಿಸಹೊರಟವನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಸವೆದ ಭಾಗಗಳನ್ನು ತೆಗೆದು ಹೊಸ ಭಾಗಗಳನ್ನಿಟ್ಟ ಮೇಲೆ ಅದು ಹಿಂದಿನ ವಸ್ತುವೇ ಅಹುದೋ, ಅಥವಾ ಹಿಂದಿನದರ ಹೆಸರನ್ನು ಹೊತ್ತ ಬೇರೊಂದೋ ಎಂಬುದು ಮೊದಲನೆಯದು. ಸರಿಪಡಿಸುವ ನೆಪದಲ್ಲಿ ತನ್ನ ಇಷ್ಟಕ್ಕೆ ತಕ್ಕಂತೆ ಅದರ ರೂಪವನ್ನು ಬದಲಾಯಿಸಲು ಅವನಿಗೆ ಎಷ್ಟರಮಟ್ಟಿಗೆ ಅಧಿಕಾರವುಂಟು ಎಂಬುದು ಎರಡನೆಯದು. ಮೊದಲನೆಯದು ತತ್ತ್ವವಿಚಾರಕ್ಕೆ ಸೇರಿದುದು, ಎರಡನೆಯದು ಧರ್ಮವಿಚಾರಕ್ಕೆ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ನಿರ್ಣಯಿಸುವುದು ಸಾಧ್ಯವಿಲ್ಲವೆಂಬುದೇ ಈ ಲೇಖನದ ಆಶಯ.

ಈ ವಿಚಾರಕ್ಕೆ ದೇವಾಲಯವನ್ನಾಗಲಿ ತಾಳೆಯೋಲೆಯ ಗ್ರಂಥವನ್ನಾಗಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದಾಗಿತ್ತು. ಅವನ್ನು ಬಿಟ್ಟು ಮೋಟಾರು ಸೈಕಲ್ಲೊಂದನ್ನು ಆರಿಸಿಕೊಂಡಿರುವುದಕ್ಕೆ ವಾಚಕ ಮಹಾಶಯರು ಆಶ್ಚರ್ಯಪಡಬಹುದು. ದೇವಾಲಯದ ವಿಷಯದಲ್ಲಿ ಭಕ್ತಿಯೂ ಗ್ರಂಥದ ವಿಷಯದಲ್ಲಿ ಪಾಂಡಿತ್ಯಾಭಿಮಾನವೂ ನಮ್ಮ ತೀರ್ಪನ್ನು ಮೊದಲೇ ಒಂದು ಕಡೆಗೆ ಎಳೆಯುತ್ತವೆ. ಯಂತ್ರದಲ್ಲಿ ಅಂತಹ ಸೆಳೆತ ಕಡಿಮೆ. ಯಾವ ಭಾಗ ಎಲ್ಲಿಂದ ಬಂದಿತು, ಏತಕ್ಕಾಗಿ ಇದೆ ಎಂಬುದನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಮೇಲಾಗಿ ಇಲ್ಲಿ ಹೇಳುವ ಯಂತ್ರ ನಮ್ಮ ನಾಡಿನಲ್ಲೇ ತಯಾರಾದುದು.

ಜಾವಾ ಎಂಬ ಹೆಸರು 1929ರಲ್ಲಿ ಚೆಕೊಸ್ಲೊವಾಕಿಯ ದೇಶದಲ್ಲಿ ಹುಟ್ಟಿತು. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಯಂತ್ರದ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ಅದನ್ನು ಕಟ್ಟಿದರು. 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಆ ಯಂತ್ರವನ್ನು ತಯಾರಿಸತೊಡಗಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಳಕೆಗೆ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಎಂಬ ಹೆಸರಿನಿಂದ ಹೊಸ ವಾಹನಗಳನ್ನು ಹೊರತಂದಿತಾದರೂ ಅವುಗಳ ಎಂಜಿನ್ನಿನ ಕ್ರಮವೇ ಬೇರೆ. ಹೀಗೆ ಹೆಸರು ಉಳಿದು ಶರೀರ ಬದಲಾಗುವುದು, ಶರೀರ ಉಳಿದು ಹೆಸರು ಬದಲಾಗುವುದು ಎರಡೂ ಈ ಒಂದು ಯಂತ್ರದ ಚರಿತ್ರೆಯಲ್ಲಿಯೇ ನಡೆದುಹೋಗಿವೆ.

ನನ್ನ ಹಳೆಯ ವಿದ್ಯಾರ್ಥಿಗಳಾದ ಇಬ್ಬರು ಸಹೋದರರಿಗೆ ತಂದೆಯಿಂದ ಇಂತಹ ಒಂದು ಹಳೆಯ ಜಾವಾ ಬಂದಿತು. ಇಪ್ಪತ್ತು ವರ್ಷ ಹಿತ್ತಿಲ ಚಪ್ಪರದಡಿ ನಿಂತಿದ್ದ ವಾಹನ. ಅದನ್ನು ಮನೆಯಲ್ಲಿಯೇ ಬಿಚ್ಚಿ ಕಟ್ಟಬೇಕೆಂಬುದರಲ್ಲಿ ಇಬ್ಬರಿಗೂ ಏಕಾಭಿಪ್ರಾಯ. ಹೇಗೆ ಕಟ್ಟಬೇಕೆಂಬುದರಲ್ಲಿ ಮಾತು ನಿಂತುಹೋಗುವಷ್ಟು ವಿರೋಧ. ಕಿರಿಯನು ಹಿಂಬದಿಯ ಚೌಕಟ್ಟನ್ನು ಕತ್ತರಿಸಿ, ಮಡ್‌ಗಾರ್ಡನ್ನು ಗಿಡ್ಡಮಾಡಿ, ಒಬ್ಬರೇ ಕೂರುವ ಆಸನವನ್ನಿಟ್ಟು ಹೊಸ ಮಾದರಿಯಲ್ಲಿ ಅದನ್ನು ರೂಪಿಸಬೇಕೆನ್ನುವನು. ಹಿರಿಯನು ಒಂದು ತಿರುಪು ಮೊಳೆಯೂ ಕಾರ್ಖಾನೆಯದೇ ಆಗಿರಬೇಕೆಂದು ಹಟ ಹಿಡಿದು, ಅದಕ್ಕಾಗಿ ಓಡುತ್ತಿದ್ದ ಇನ್ನೊಂದು ಜಾವಾವನ್ನು ಕೊಂಡುತಂದು ಅದನ್ನು ಬಿಚ್ಚಲು ಸಿದ್ಧನಾಗಿದ್ದನು. “ಮೇಷ್ಟ್ರೇ, ಅಪ್ಪನ ಗಾಡಿ ಅಪ್ಪನ ಗಾಡಿಯಾಗೇ ಇರಬೇಕಲ್ಲವೇ?” ಎಂದು ಹಿರಿಯನು, “ಅಪ್ಪ ಇದನ್ನು ಓಡಿಸಲಿ ಅಂತಲೇ ಅಲ್ಲವೇ ಮೇಷ್ಟ್ರೇ ನಮಗೆ ಬಿಟ್ಟುಹೋದದ್ದು?” ಎಂದು ಕಿರಿಯನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು.

ಇಂತಹ ಯಂತ್ರವನ್ನು ಬಿಚ್ಚಿದಾಗ ಏನಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಇದು ಎರಡು ಹೊಡೆತದ ಎಂಜಿನ್ನು, ಇದರಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನು ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯ ರಂಧ್ರಗಳನ್ನು ತಾನೇ ಮುಚ್ಚಿ ತೆರೆಯುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳಿಗೆ ಜಿಡ್ಡು. ಸಿಲಿಂಡರು ಒಂದೇ, ಹೊಗೆಯ ಕೊಳವೆಗಳು ಎರಡು. ಗೇರು ಹಾಕುವ ಸನ್ನೆಯೇ ಎಂಜಿನ್ನನ್ನು ಎಬ್ಬಿಸುವ ಕಿಕ್ಕರೂ ಹೌದು. ವರ್ಷಗಟ್ಟಲೆ ಓಡಿದ ಎಂಜಿನ್ನಿನಲ್ಲಿ ಸಿಲಿಂಡರಿನ ಒಳಗೋಡೆ ಸವೆದು ಅಂಡಾಕಾರವಾಗುತ್ತದೆ. ಅದನ್ನು ಲೇತ್ ಕಾರ್ಖಾನೆಯಲ್ಲಿ ಮತ್ತೆ ಕೊರೆಯಿಸಿ, ಕೂದಲೆಳೆಯಷ್ಟು ದೊಡ್ಡದಾದ ಪಿಸ್ಟನ್ನನ್ನು ಹಾಕಬೇಕು. ಕ್ರ್ಯಾಂಕಿನ ಪಿನ್ನು, ಬೇರಿಂಗುಗಳು, ಗಾಳಿ ಸೋರದಂತೆ ತಡೆಯುವ ಎಣ್ಣೆಸೀಲುಗಳು ಇವನ್ನು ಬದಲಾಯಿಸದೆ ಗತ್ಯಂತರವಿಲ್ಲ. ಅಂದಮೇಲೆ ಹಿರಿಯನ ಹಟವು ಮೊದಲ ದಿನವೇ ಮುರಿದುಬೀಳುತ್ತದೆ. ಓಡಬೇಕಾದ ಯಂತ್ರದಲ್ಲಿ ಏನನ್ನೂ ಬದಲಾಯಿಸದಿರುವುದೆಂಬುದೇ ಇಲ್ಲ. ತಂದೆಯು ಓಡಿಸುತ್ತಿದ್ದ ಕಾಲದಲ್ಲಿಯೇ ಟೈರುಗಳೂ ಸರಪಳಿಯೂ ಎಷ್ಟೋ ಸಲ ಬದಲಾಗಿದ್ದಿರಬೇಕು.

ಹಾಗಾದರೆ ಉಳಿಯುವುದು ಯಾವುದು? ಮಿಲಿಂದರಾಜನು ರಥದಲ್ಲಿ ಬಂದನೆಂದಾಗ ಭಿಕ್ಷುವಾದ ನಾಗಸೇನನು, ರಥವೆಂದರೆ ಗಾಲಿಯೋ, ಅಚ್ಚೋ, ನೊಗವೋ ಎಂದು ಒಂದೊಂದನ್ನೇ ಕೇಳಿ, ಇವುಗಳಲ್ಲಿ ಯಾವುದೂ ರಥವಲ್ಲವೆಂದೂ, ಇವೆಲ್ಲ ಕೂಡಿದಾಗ ರಥವೆಂಬ ವ್ಯವಹಾರ ಮಾತ್ರ ಸಲ್ಲುತ್ತದೆಂದೂ ತೋರಿಸಿದನು. ಗ್ರೀಕರಲ್ಲಿ ಪ್ಲೂಟಾರ್ಕನು ಥೀಸಿಯಸ್ ಎಂಬ ವೀರನ ಹಡಗಿನ ಕಥೆಯನ್ನು ಹೇಳುತ್ತಾನೆ. ಅಥೆನ್ಸಿನವರು ಕೊಳೆತ ಹಲಗೆಗಳನ್ನು ತೆಗೆದು ಹೊಸವನ್ನು ಜೋಡಿಸುತ್ತ ಅದನ್ನು ಬಹುಕಾಲ ಕಾಪಾಡಿದರಂತೆ. ಅದು ಅದೇ ಹಡಗೋ ಅಲ್ಲವೋ ಎಂದು ಅಲ್ಲಿಯ ತತ್ತ್ವಜ್ಞರು ವಾದಿಸುತ್ತಿದ್ದರಂತೆ. ನಮ್ಮ ನೈಯಾಯಿಕರ ಮತ ಇನ್ನೂ ಕಠಿಣವಾದುದು. ಅವಯವಗಳಿಗಿಂತ ಭಿನ್ನವಾದ ಅವಯವಿಯೊಂದು ಇದೆಯೆಂದು ಅವರು ಒಪ್ಪುತ್ತಾರೆ. ಆದರೆ ಅವಯವಗಳ ಸಂಯೋಗ ನಾಶವಾದೊಡನೆ ಆ ಅವಯವಿಯೂ ನಾಶವಾಗಿ, ಮತ್ತೆ ಜೋಡಿಸಿದಾಗ ಬೇರೊಂದು ಅವಯವಿ ಹುಟ್ಟುತ್ತದೆನ್ನುತ್ತಾರೆ. ಕತ್ತರಿಸಿ ಬೆಳೆದ ಕೂದಲನ್ನು ‘ಅದೇ ಕೂದಲು’ ಎನ್ನುವಂತೆ, ಇಲ್ಲಿ ‘ಅದೇ’ ಎಂಬ ಪ್ರತ್ಯಭಿಜ್ಞೆಯು ಸಜಾತೀಯತೆಯಿಂದ ಬಂದುದೇ ಹೊರತು ಅಭೇದದಿಂದ ಬಂದುದಲ್ಲ. ಈ ಲೆಕ್ಕದಲ್ಲಿ ಚಕ್ರವನ್ನು ಕಳಚಿದ ಕ್ಷಣವೇ ತಂದೆಯ ವಾಹನ ಇಲ್ಲವಾಯಿತು!

ತರ್ಕದಿಂದ ಇದನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಇದರಿಂದ ಲೋಕವ್ಯವಹಾರ ನಡೆಯುವುದಿಲ್ಲ. ವ್ಯವಹಾರಕ್ಕೆ ಹತ್ತಿರವಾದ ದಾರಿಯನ್ನು ವೈಯಾಕರಣರು ಹಾಕಿಕೊಟ್ಟಿದ್ದಾರೆ. ಒಂದು ಭಾಗದಲ್ಲಿ ವಿಕಾರಹೊಂದಿದ ವಸ್ತು ಬೇರೊಂದಾಗುವುದಿಲ್ಲವೆಂಬುದು ಅವರ ಒಂದು ಪರಿಭಾಷೆ. ಬಾಲ ಕಡಿದ ಮಾತ್ರಕ್ಕೆ ನಾಯಿಯು ನಾಯಿಯಾಗಿಯೇ ಇರುತ್ತದೆ. ಕುದುರೆಯೂ ಆಗದು, ಕತ್ತೆಯೂ ಆಗದು ಎಂಬುದು ಅದಕ್ಕೆ ಕೊಡುವ ದೃಷ್ಟಾಂತ. ಇನ್ನೊಂದು ನಿಯಮ ಪಾಣಿನಿಯದು: ಒಂದರ ಸ್ಥಾನದಲ್ಲಿ ಬಂದ ಆದೇಶವು, ಕೆಲವು ಎಡೆಗಳನ್ನು ಬಿಟ್ಟು, ಆ ಸ್ಥಾನಿಯಂತೆಯೇ ನಡೆದುಕೊಳ್ಳುತ್ತದೆ. ಹೊಸ ಪಿಸ್ಟನ್ನು ಹಳೆಯದರ ಸ್ಥಾನದಲ್ಲಿ ಕೂತು ಹಳೆಯದರ ಕೆಲಸವನ್ನೇ ಮಾಡುವಾಗ, ಆ ಲೋಹ ಬೇರೆಯಾದರೂ ಆ ಅಧಿಕಾರ ಒಂದೇ. ವಸ್ತುವಿನ ತಾದಾತ್ಮ್ಯವು ಅದರ ಧಾತುವಿಗಿಂತ ಹೆಚ್ಚಾಗಿ ಸ್ಥಾನ, ಕಾರ್ಯ, ಪರಂಪರೆ ಈ ಮೂರರಲ್ಲಿ ನಿಂತಿದೆಯೆಂದು ಇದರಿಂದ ತಿಳಿಯಬಹುದು. ಪುರಿಯಲ್ಲಿ ಜಗನ್ನಾಥನ ದಾರುಮೂರ್ತಿಯನ್ನು 1996ರಲ್ಲಿಯೂ 2015ರಲ್ಲಿಯೂ ನವಕಲೇವರವೆಂಬ ವಿಧಿಯಿಂದ ಬದಲಾಯಿಸಿದರು. ಮರ ಹೊಸದು, ಆದರೂ ಭಕ್ತರಿಗೆ ಸ್ವಾಮಿಯು ಬೇರೆಯಾಗಲಿಲ್ಲ. ಏಕೆಂದರೆ ಆ ಬದಲಾವಣೆಯು ವಿಧಿಪೂರ್ವಕವಾಗಿ, ಎಲ್ಲರೂ ತಿಳಿದಂತೆ, ಹಳೆಯದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ ನಡೆದುದು.

ಇನ್ನು ಧರ್ಮವಿಚಾರ. ಇಲ್ಲಿ ಪೂರ್ವಪಕ್ಷವು ಕಿರಿಯನದು: ವಸ್ತುವು ನನ್ನದು, ನನ್ನ ಹಣ, ನನ್ನ ಶ್ರಮ, ಯಾರಿಗೂ ಹಾನಿಯಿಲ್ಲದಿರುವಾಗ ನನ್ನ ರುಚಿಗೆ ತಕ್ಕಂತೆ ಅದನ್ನು ಮಾಡಿಕೊಂಡರೆ ತಪ್ಪೇನು? ಈ ವಾದಕ್ಕೆ ಬಲವುಂಟು. ರುಚಿಯೆಂಬುದು ಮನುಷ್ಯನ ಸಹಜಧರ್ಮ. ಮನೆಗೆ ಬಣ್ಣ ಬಳಿಯುವವನನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ‘ನನ್ನದು’ ಎಂಬ ಮಾತಿನಲ್ಲಿ ಎರಡು ಬಗೆಯುಂಟು. ಈ ದಿನ ಕೊಂಡ ಸೀಸದಕಡ್ಡಿಯೂ ನನ್ನದು. ಅಜ್ಜನು ಕೊಟ್ಟ ಓಲೆಗರಿಯ ಕಟ್ಟೂ ನನ್ನದು. ಮೊದಲನೆಯದನ್ನು ಮುರಿದರೆ ಇನ್ನೊಂದು ದೊರೆಯುತ್ತದೆ. ಎರಡನೆಯದನ್ನು ಮುರಿದರೆ ನನಗೆ ಮುಂಚಿನವರ ಕೆಲಸವೂ ನನಗೆ ಮುಂದಿನವರ ಪಾಲೂ ಒಟ್ಟಿಗೆ ಹೋಗುತ್ತವೆ. ಕಾರ್ಖಾನೆ ಮುಚ್ಚಿದ ಮೇಲೆ ಅಂತಹ ಯಂತ್ರಗಳ ಸಂಖ್ಯೆ ಹೆಚ್ಚುವ ಸಂಭವವಿಲ್ಲ, ಕಡಿಮೆಯಾಗುವುದೊಂದೇ ದಾರಿ. ಅಂಥದರಲ್ಲಿ ಒಡೆಯನ ಸ್ಥಾನವು ಬಹುಮಟ್ಟಿಗೆ ನ್ಯಾಸವನ್ನು ಕಾಯುವವನ ಸ್ಥಾನವಾಗಿರುತ್ತದೆ.

ಈಗಿನ ರಾಜಶಾಸನವೂ ಇದನ್ನು ಸ್ಥೂಲವಾಗಿ ಒಪ್ಪಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2021ರ ನಿಯಮಗಳು, ಮೊದಲು ನೋಂದಣಿಯಾಗಿ 50 ವರ್ಷ ಕಳೆದ ವಾಹನವು ಚೌಕಟ್ಟಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಟು ಹೊಂದದೆ ಮೂಲರೂಪದಲ್ಲಿದ್ದರೆ ಮಾತ್ರ ಅದನ್ನು ಪ್ರಾಚೀನ ವಾಹನವೆಂದು ಗಣಿಸುತ್ತವೆ. ಆದರೆ ಶಾಸನವು ಹೊರಗಿನ ಬೇಲಿ ಮಾತ್ರ. ಬೇಲಿಯೊಳಗೆ ಹೇಗೆ ನಡೆಯಬೇಕೆಂಬುದನ್ನು ವಿವೇಕವೇ ಹೇಳಬೇಕು.

ಎದುರು ಪಕ್ಷದಲ್ಲಿ ಹಿರಿಯನ ವಾದವನ್ನೂ ಪರೀಕ್ಷಿಸಬೇಕು. ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಗೌರವವೆಂದು ಅವನು ಭಾವಿಸಿದ್ದಾನೆ. ಅದಕ್ಕೆಂದೇ ಅವನು ಓಡುತ್ತಿರುವ ಇನ್ನೊಂದು ಯಂತ್ರವನ್ನು ಕೊಲ್ಲಲು ಹೊರಟಿದ್ದಾನೆ. ಅದೂ ಒಬ್ಬ ತಂದೆಯು ಸವಾರಿ ಮಾಡಿದ ವಾಹನವೇ ಆಗಿದ್ದಿತಲ್ಲವೇ? ತನ್ನ ತಂದೆಯ ನೆನಪಿಗಾಗಿ ಮತ್ತೊಬ್ಬರ ತಂದೆಯ ನೆನಪನ್ನು ಬಿಡಿಭಾಗಗಳ ರಾಶಿ ಮಾಡುವುದು ಗೌರವವೆನಿಸದು. ಅದು ಮಮಕಾರದ ಇನ್ನೊಂದು ವೇಷ. ಅಲ್ಲದೆ ಹಳೆಯ 6 ವೋಲ್ಟಿನ ಮಂದ ದೀಪವನ್ನೇ ಇಟ್ಟುಕೊಂಡು ಈ ಕಾಲದ ರಸ್ತೆಯಲ್ಲಿ ರಾತ್ರಿಯ ವೇಳೆ ಹೊರಟರೆ ಸವಾರನಿಗೂ ಎದುರು ಬರುವವನಿಗೂ ಅಪಾಯ. ಮೂಲರೂಪದ ಮೇಲಿನ ಭಕ್ತಿಯು ಪ್ರಾಣದ ಬೆಲೆಗಿಂತ ಹೆಚ್ಚಿನದಾಗಲಾರದು.

ಎರಡು ಪಕ್ಷಗಳ ದೋಷವನ್ನೂ ಬಿಟ್ಟು ಗುಣವನ್ನು ಹಿಡಿಯುವುದಕ್ಕೆ ವ್ಯಾಕರಣದ ಪಾಠಶಾಲೆಯಲ್ಲಿ ಹುಡುಗರಿಗೆ ಹೇಳಿಕೊಡುವ ಒಂದು ಭೇದವು ಸಹಾಯಕವಾಗುತ್ತದೆ. ಆದೇಶವು ಶತ್ರುವಿನಂತೆ ಬಂದು ಮೊದಲಿದ್ದುದನ್ನು ಓಡಿಸಿ ಆ ಜಾಗದಲ್ಲಿ ಕೂರುತ್ತದೆ. ಆಗಮವು ಮಿತ್ರನಂತೆ ಬಂದು ಮೊದಲಿದ್ದುದರ ಪಕ್ಕದಲ್ಲಿ ಕೂರುತ್ತದೆ. ಬದಲಾವಣೆಯ ಧರ್ಮಾಧರ್ಮಗಳನ್ನು ಇದೇ ಅಳತೆಗೋಲಿನಿಂದ ಅಳೆಯಬಹುದು. ಸವೆದು ನಿರುಪಯುಕ್ತವಾದ ಕಡೆಯಲ್ಲಿ ಆದೇಶಕ್ಕೆ ಅವಕಾಶವುಂಟು. ಅಲ್ಲಿ ಸ್ಥಾನಿಯ ಕೆಲಸ ಆಗಲೇ ಮುಗಿದಿದೆ. ಗಟ್ಟಿಯಾಗಿರುವ ಕಡೆಯಲ್ಲಿ ಆಗಮಕ್ಕೆ ಮಾತ್ರ ಅವಕಾಶ. ಎಂದರೆ, ಬೇಕಾದಾಗ ಬಿಚ್ಚಿ ತೆಗೆದು ಮೊದಲಿನದನ್ನು ಮತ್ತೆ ನಿಲ್ಲಿಸಲು ಬರುವಂತೆ ಜೋಡಿಸಬೇಕು. ತಿರುಪಿನಿಂದ ಕೂಡಿಸಿದ ಆಸನವನ್ನು ನಾಳೆ ತೆಗೆಯಬಹುದು. ಗರಗಸದಿಂದ ಕತ್ತರಿಸಿದ ಚೌಕಟ್ಟು ನಾಳೆ ಬೆಳೆಯುವುದಿಲ್ಲ. ಸವೆತವು ಕಾಲದ ಕೆಲಸ. ಗರಗಸವು ನಮ್ಮ ಕೆಲಸ. ಕಾಲ ಮಾಡಿದುದಕ್ಕೆ ನಾವು ಹೊಣೆಯಲ್ಲ, ನಾವು ಮಾಡಿದುದಕ್ಕೆ ಹೊಣೆ.

ಇದಕ್ಕೆ ಇನ್ನೊಂದು ಕರ್ತವ್ಯವೂ ಸೇರಬೇಕು, ಅದು ಸತ್ಯ. ಹಸ್ತಪ್ರತಿಯನ್ನು ಸಂಶೋಧಿಸುವ ಪಂಡಿತನು ತ್ರುಟಿತವಾದ ಸ್ಥಳದಲ್ಲಿ ತಾನು ಊಹಿಸಿದ ಪಾಠವನ್ನಿಟ್ಟರೆ ಕಂಸ ಹಾಕಿ ತೋರಿಸುತ್ತಾನೆ. ಹಾಗೆ ತೋರಿಸದೆ ಕವಿಯ ಮಾತಿನೊಡನೆ ತನ್ನ ಮಾತನ್ನು ಬೆರೆಸಿದವನನ್ನು ವಿದ್ವತ್ಸಮಾಜವು ಮನ್ನಿಸುವುದಿಲ್ಲ. ಯಂತ್ರವನ್ನು ಕಟ್ಟುವವನಿಗೂ ಈ ನಿಯಮ ಸಲ್ಲಬೇಕು. ಯಾವ ಭಾಗ ಮೊದಲಿನದು, ಯಾವುದು ಹೊಸದು, ಯಾವ ವರ್ಷ ಹಾಕಿದುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಡಬ್ಬಿಯಲ್ಲಿ ಹೆಸರು ಬರೆದು ಕಾಪಾಡತಕ್ಕದ್ದು. ಹಳೆಯ ಯಂತ್ರಗಳಿಗೆ ಬೆಲೆ ಏರಿರುವ ಈ ದಿನಗಳಲ್ಲಿ ನಾಲ್ಕು ವಾಹನಗಳ ಮೂಳೆಗಳನ್ನು ಸೇರಿಸಿ, ಹೊಳೆಯುವ ಬಣ್ಣ ಬಳಿದು, ‘ಮೂಲದ್ದೇ’ ಎಂದು ಮಾರುವವರಿದ್ದಾರೆ. ಅಲ್ಲಿ ಕೆಟ್ಟುದು ಯಂತ್ರವಲ್ಲ, ಮಾತು. ಹೀಗೆಂದು ಬಾಯಿಬಿಟ್ಟು ಹೇಳಿ ಮಾರಿದರೆ ಅದೇ ವಾಹನವು ನಿರ್ದೋಷವಾಗುತ್ತದೆ.

ಸಹೋದರರಿಗೆ ನಾನು ಹೇಳಿದುದೂ ಇಷ್ಟೇ: ಚೌಕಟ್ಟಿಗೆ ಗರಗಸ ತಾಗಕೂಡದು; ದೀಪವನ್ನು ಬದಲಾಯಿಸಿ ಹಳೆಯದನ್ನು ಕಾಪಾಡತಕ್ಕದ್ದು; ಕಿರಿಯನ ಇಷ್ಟದ ಆಸನವನ್ನು ತಿರುಪಿನಿಂದ ಕೂಡುವಂತೆಯೂ ಶಾಸನಕ್ಕೆ ವಿರೋಧವಾಗದಂತೆಯೂ ಮಾಡಿಸಬಹುದು; ಕೊಂಡುತಂದ ಇನ್ನೊಂದು ವಾಹನವನ್ನು ಬಿಚ್ಚದೆ, ಓಡಿಸುವವರಿಗೆ ಕೊಟ್ಟುಬಿಡತಕ್ಕದ್ದು. ಕೊನೆಯ ಮಾತು ಹಿರಿಯನಿಗೆ ಕಹಿಯಾಯಿತು; ಮೊದಲನೆಯದು ಕಿರಿಯನಿಗೆ. ಇಬ್ಬರಿಗೂ ಸ್ವಲ್ಪ ಸ್ವಲ್ಪ ಕಹಿಯಾಗದ ತೀರ್ಪಿನಲ್ಲಿ ನ್ಯಾಯವಿರುವುದು ಅಪೂರ್ವ.

ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದರೆ, ಮೋಟಾರು ಸೈಕಲ್ಲು ಹಿಂದೆ ಸರಿದು ದೊಡ್ಡ ಪ್ರಶ್ನೆಯೊಂದು ಕಾಣಿಸುತ್ತದೆ. ಭಾಷೆ, ಆಚಾರ, ಮನೆತನ, ವಿದ್ಯೆ ಇವೆಲ್ಲವೂ ನಮ್ಮ ಕೈಗೆ ಬಂದಿರುವುದು ಓಡುತ್ತಿರುವ ಯಂತ್ರಗಳಾಗಿಯೇ. ಅವುಗಳಲ್ಲಿ ಸವೆದುದು ಬಹಳವಿದೆ, ಬದಲಾಯಿಸಲೇಬೇಕಾದುದೂ ಇದೆ. ಒಂದು ತಿರುಪನ್ನೂ ಮುಟ್ಟಬಾರದೆನ್ನುವವನು ಅದನ್ನು ಚಪ್ಪರದಡಿ ತುಕ್ಕು ಹಿಡಿಸುತ್ತಾನೆ. ಮನಬಂದಂತೆ ಕತ್ತರಿಸುವವನು ಮುಂದಿನವರಿಗೆ ಆಯ್ಕೆಯೇ ಇಲ್ಲದಂತೆ ಮಾಡುತ್ತಾನೆ. ಸವೆತವನ್ನು ಗುರುತಿಸುವ ಕಣ್ಣು, ಗಟ್ಟಿಯಾದುದನ್ನು ಉಳಿಸುವ ಸಂಯಮ, ಮಾಡಿದ ಬದಲಾವಣೆಯನ್ನು ಮರೆಮಾಚದ ನಾಲಗೆ, ಈ ಮೂರೂ ಇದ್ದವನ ಕೈಯಲ್ಲಿ ಹಳೆಯದು ಹೊಸದಾಗಿಯೂ ತಾನಾಗಿಯೇ ಇರುತ್ತದೆ. ಇಷ್ಟಾದರೆ ಅದು ‘ಅದೇ’ ಅಹುದೇ ಎಂದು ನೈಯಾಯಿಕನು ಕೇಳುತ್ತಿರಲಿ; ಅದು ಕಿಕ್ಕಿಗೆ ಎದ್ದು ಓಡುತ್ತಿರುವಾಗ ಆ ಪ್ರಶ್ನೆಗೆ ಅವಸರವಿಲ್ಲ.