ಒಂದು ಅಧಿಕರಣ, ಎರಡು ಅಧಿಕಾರ

ಭಾರತೀಯ ತರ್ಕಶಾಸ್ತ್ರದಲ್ಲಿ ಒಂದು ವಸ್ತು, ಗುಣ ಅಥವಾ ಕ್ರಿಯೆ ನೆಲೆಗೊಂಡಿರುವ ತಾವಿಗೆ ಅಧಿಕರಣವೆಂದು ಹೆಸರು. ಎರಡು ಧರ್ಮಗಳು ಒಂದೇ ತಾವಿನಲ್ಲಿ ಕೂಡಿದ್ದರೆ ಅವುಗಳ ಸಂಬಂಧವನ್ನು ಸಾಮಾನಾಧಿಕರಣ್ಯ ಎನ್ನುತ್ತಾರೆ. ಹೂವಿನಲ್ಲಿ ಬಣ್ಣವೂ ಪರಿಮಳವೂ ಕೂಡಿರುವುದು ಇದಕ್ಕೆ ಸುಲಭದ ನಿದರ್ಶನ. ಅವು ಒಂದಕ್ಕೊಂದು ಅಪ್ಪಣೆ ಕೊಡುವುದಿಲ್ಲವಾದ್ದರಿಂದ ಅಲ್ಲಿ ತೊಡಕೇನೂ ಹುಟ್ಟುವುದಿಲ್ಲ. ಆದರೆ ಒಂದೇ ತಾವಿನಲ್ಲಿರುವ ಎರಡರಲ್ಲಿ ಒಂದು ನುಡಿಯನ್ನು ಹೊರುವುದಾಗಿ, ಮತ್ತೊಂದು ಆ ನುಡಿ ಯಾರು ಯಾರಿಗೆ ಸಲ್ಲಬೇಕೆಂದು ನಿರ್ಣಯಿಸುವುದಾದಾಗ, ತಾವು ಒಂದೆಂಬ ಕಾರಣಕ್ಕೆ ಅವೆರಡನ್ನೂ ಒಂದೆನ್ನಬೇಕೇ ಎಂಬ ಪ್ರಶ್ನೆ ಏಳುತ್ತದೆ. ಪುತ್ತೂರು, ಸುಳ್ಯ, ಕಡಬ ಸೀಮೆಯ ದೈವಾರಾಧನೆ ಈ ಪ್ರಶ್ನೆಯನ್ನು ಗ್ರಂಥದ ನೆರವಿಲ್ಲದೆ ಅಂಗಳದಲ್ಲಿಯೇ ಬಗೆಹರಿಸಿಕೊಂಡು ಬಂದಿದೆ. ಈಚಿನ ಮಿಂಚಂಚೆಯ ಯಂತ್ರಗಳಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗಿದೆ.

ಯಂತ್ರದ ಮಾತನ್ನು ಮೊದಲು ನೋಡಬಹುದು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ನಿಯಮಾವಳಿಯ ಜಾಡಿನಲ್ಲೇ ಇಂದಿಗೂ ನಡೆಯುವ ಮೇಲ್ ಸರ್ವರಿನ ಮೂಲ ಕೆಲಸ ಓಲೆಯನ್ನು ಹೊತ್ತು ಮುಟ್ಟಿಸುವುದು. ಎಲ್ಲಿಗೆ ಒಯ್ಯಬೇಕೆಂಬುದಕ್ಕೆ ಅದು ಲಕೋಟೆಯ ಮೇಲಿನ ವಿಳಾಸವನ್ನು ನೋಡುತ್ತದೆಯೇ ಹೊರತು ಒಳಗಿನ ಒಕ್ಕಣೆಯನ್ನಲ್ಲ. ಮೇಲಿಂಗ್ ಲಿಸ್ಟ್ ಮ್ಯಾನೇಜರ್ ಎಂಬ ಇನ್ನೊಂದು ತಂತ್ರಾಂಶ ಸದಸ್ಯರ ಪಟ್ಟಿಯನ್ನು ಇಟ್ಟುಕೊಂಡು, ಒಂದು ಹೆಸರಿಗೆ ಬಂದ ಓಲೆಯನ್ನು ನೂರು ಹೆಸರುಗಳಿಗೆ ಹಂಚುವ ತೀರ್ಮಾನ ಮಾಡುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಸರ್ವರನ್ನೂ ಮೇಲ್‌ಮ್ಯಾನ್ ಎಂಬ ಪಟ್ಟಿಯ ಮೇಲ್ವಿಚಾರಕನನ್ನೂ ಒಂದೇ ಕಂಪ್ಯೂಟರಿನಲ್ಲಿ ನಡೆಸಿದಾಗ, ಬಂದ ಓಲೆಯನ್ನು ಮೊದಲನೆಯದು ಎರಡನೆಯದರ ಕೈಗೆ ಕೊಡುತ್ತದೆ. ಎರಡನೆಯದು ಪಟ್ಟಿ ನೋಡಿ, ಕಂಪ್ಯೂಟರ್ ತನ್ನನ್ನು ತಾನು ಕರೆದುಕೊಳ್ಳುವ 127.0.0.1 ಎಂಬ ವಿಳಾಸದ ಮೂಲಕ, ಅದನ್ನು ಮೊದಲನೆಯದಕ್ಕೇ ಮರಳಿ ಒಪ್ಪಿಸುತ್ತದೆ. ಹೊರಗಿನಿಂದ ನೋಡುವವರಿಗೆ ಒಂದೇ ಪೆಟ್ಟಿಗೆ. ಒಳಗೆ ಕೊಡುವ ಕೈ ಬೇರೆ, ಪಡೆಯುವ ಕೈ ಬೇರೆ. ಹಾಗೆ ಒಪ್ಪಿಸುವಾಗ ಲಕೋಟೆಯ ಮೇಲೆ ಕಳುಹಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸ ಬರುತ್ತದೆ. ಮುಟ್ಟದೆ ಹಿಂದಿರುಗಿದ ಓಲೆ, ಬರೆದವರನ್ನು ಕಾಡದೆ ಪಟ್ಟಿಯ ಬಳಿಗೇ ಬರಲೆಂದು ಈ ಏರ್ಪಾಡು.

ಇಲ್ಲಿ ತಪ್ಪು ನುಸುಳುವ ಬಗೆ ತತ್ತ್ವಜಿಜ್ಞಾಸುಗಳಿಗೆ ಹೊಸದೇನಲ್ಲ. ಒಂದು ಹೆಸರು ತನ್ನದೆಂದು ಕಂಪ್ಯೂಟರಿಗೆ ತಿಳಿಸಿರದಿದ್ದರೆ, ಪೋಸ್ಟ್‌ಫಿಕ್ಸ್ ಆ ಹೆಸರಿನ ಓಲೆಯನ್ನು ಪರರದೆಂದು ಬಗೆದು ಅದರ ಮನೆಯ ದಾರಿ ಹುಡುಕುತ್ತದೆ, ಆ ದಾರಿ ತನ್ನ ಬಾಗಿಲಿಗೇ ಬಂದು ನಿಂತುದನ್ನು ಕಂಡು, ಓಲೆ ತನಗೇ ಸುತ್ತಿ ಬರುತ್ತಿದೆಯೆಂದು ದೂರು ಬರೆದಿಟ್ಟು ಕೈಬಿಡುತ್ತದೆ. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ತನ್ನನ್ನೇ ಮರೆತು ಒಬ್ಬ ಕೊಚ್ಚಿಹೋದನೆಂದು ಅತ್ತ ವೇದಾಂತದ ದೃಷ್ಟಾಂತವೂ ಇದನ್ನೇ ಹೇಳುತ್ತದೆ.

ದೈವವು ಮನುಷ್ಯನ ಮೈಮೇಲೆ ಬಂದು ನುಡಿಯುವ ಕೋಲವೆಂಬ ಆರಾಧನೆಯಲ್ಲಿ ಅಧಿಕರಣವೆಂದರೆ ಆ ಮನುಷ್ಯನ ಮೈ. ನಲಿಕೆ, ಪರವ, ಪಂಬದ ಸಮುದಾಯಗಳವರು ಈ ಸೀಮೆಯಲ್ಲಿ ದೈವ ಕಟ್ಟುವವರು. ಕೋಲಕ್ಕೆ ಮುನ್ನ ಅವರಿಗೆ ಎಣ್ಣೆ ಬೂಳ್ಯ ಕೊಡುತ್ತಾರೆ, ಅಂದರೆ ಮೈಗೆ ಹಚ್ಚಿ ಮೀಯಲು ಎಣ್ಣೆಯನ್ನೂ ವೀಳ್ಯವನ್ನೂ ಕೊಟ್ಟು ಈ ರಾತ್ರಿಯ ಹೊಣೆಯನ್ನು ಒಪ್ಪಿಸುತ್ತಾರೆ. ಮಿಂದು ಬಂದವರು ಮುಖಕ್ಕೆ ಅರ್ದಾಳದ ಹಳದಿ ಬಳಿದು, ಸೊಂಟಕ್ಕೆ ಎಳೆ ತೆಂಗಿನ ಗರಿ ಸುತ್ತಿಕೊಳ್ಳುತ್ತಾರೆ. ಮಗ್ಗುಲಲ್ಲಿ ದೈವದ ಹುಟ್ಟು ಮತ್ತು ಸಂಚಾರವನ್ನು ಹಾಡುವ ಪಾಡ್ದನ ನಡೆದಿರುತ್ತದೆ. ಇಷ್ಟಾದರೂ ಅವರು ಇನ್ನೂ ಮನುಷ್ಯರೇ, ಹೆಸರು ಹಿಡಿದು ಕರೆದರೆ ಓಗೊಡುತ್ತಾರೆ. ಕಾಲಿಗೆ ಗಗ್ಗರವೆಂಬ ಗೆಜ್ಜೆಬಳೆ ಏರಿ ಆವೇಶ ಬಂದ ಮೇಲೆ ಕೋಲ ನಡೆಸುವ ಮನೆಯ ಯಜಮಾನನೇ ಅವರ ಮುಂದೆ ಕೈಮುಗಿದು ನಿಲ್ಲುತ್ತಾನೆ. ಸುಳ್ಯದ ಕಡೆ ಮನೆಯೊಳಗೆ ಅರೆಭಾಷೆ ಆಡುವ ಗೌಡರ ಅಂಗಳದಲ್ಲಿಯೂ ದೈವದ ನುಡಿ ತುಳುವಿನಲ್ಲೇ ಬರುವುದುಂಟು. ಅಧಿಕಾರ ಬದಲಾದುದನ್ನು ಅಲ್ಲಿ ಭಾಷೆಯೇ ಕಿವಿಗೆ ಮುಟ್ಟಿಸುತ್ತದೆ.

ಆಗ ದೈವ ಗುತ್ತು, ಬಾರಿಕೆ ಎಂಬ ಹಕ್ಕುಳ್ಳ ಮನೆತನಗಳನ್ನು ಸ್ಥಾನಕ್ರಮದಲ್ಲಿ ಕರೆದು ಅಭಯ ನೀಡುತ್ತದೆ. ಈ ಕ್ರಮವೇ ಪಟ್ಟಿ, ಕಟ್ಟುಕಟ್ಟಳೆಯಿಂದ ಬಂದದ್ದು. ದೈವ ಕಟ್ಟಿದವರು ತಮಗೆ ಬೇಕಾದ ಮನೆಯನ್ನು ಮುಂದಕ್ಕೆ ತರುವಂತಿಲ್ಲ, ಬೇಡವಾದುದನ್ನು ಬಿಡುವಂತಿಲ್ಲ. ಆದರೆ ಪಟ್ಟಿ ನೆನಪಿರುವುದು ಅದೇ ತಲೆಯಲ್ಲಿ, ಅದನ್ನು ನುಡಿಯುವುದು ಅದೇ ಗಂಟಲು. ಕರೆಯಲ್ಲಿ ಕೊರತೆ ಕಂಡವರು ತಮ್ಮ ಅರಿಕೆಯನ್ನು ದೈವದ ಮುಂದೆಯೇ, ಮಧ್ಯಸ್ಥನ ಮೂಲಕ ಇಡಬೇಕೇ ಹೊರತು ಮರುದಿನ ದೈವ ಕಟ್ಟಿದವರ ಮನೆಗೆ ಜಗಳಕ್ಕೆ ಹೋಗುವುದು ಸಲ್ಲದು. ಹಿಂದಿರುಗಿದ ಓಲೆ ಪಟ್ಟಿಯ ವಿಳಾಸಕ್ಕೇ ಬರಬೇಕೆಂಬ ವಿವೇಕವೂ ಇದೇ.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿದ್ದು, ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಮಧ್ವಮತ ಇವನ್ನು ಜೀವ ಮತ್ತು ಈಶ್ವರರೆಂದು ಹಿಡಿದು, ಮರ ಒಂದಾದ ಮಾತ್ರಕ್ಕೆ ಭೇದ ಅಳಿಯದೆಂದು ವಾದಿಸುತ್ತದೆ. ಅದ್ವೈತಕ್ಕೆ ಆ ಭೇದ ಉಪಾಧಿಯಿಂದ, ಎಂದರೆ ಮೇಲೆ ಬಂದು ಸೇರಿದ ಗಡಿಯಿಂದ ತೋರುವಂಥದು. ಹಿಂದೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಕುಕ್ಕೆಯಲ್ಲಿ ಸುಬ್ರಹ್ಮಣ್ಯನೂ ವಾಸುಕಿಯೂ ಒಂದೇ ಗರ್ಭಗುಡಿಯಲ್ಲಿ ಪೂಜೆಗೊಳ್ಳುತ್ತಾರೆ, ಅದೇ ಊರಿನಲ್ಲಿ ಮಾಧ್ವ ಪರಂಪರೆಯ ಮಠವೂ ಇದೆ. ಅಂಗಳದ ತೀರ್ಪು ಮಾಧ್ವರಿಗೆ ಹತ್ತಿರವೆಂದು ತೋರುತ್ತದೆ: ಮೈ ಒಂದೇ, ಅಧಿಕಾರ ಎರಡು, ಅವುಗಳ ನಡುವಿನ ಗೆರೆ ಗಗ್ಗರ.

ಈ ತೀರ್ಪನ್ನು ಒಪ್ಪುವವರು ಅದರ ಇನ್ನೊಂದು ಮುಖವನ್ನೂ ನೋಡಲೇಬೇಕು. ಒಂದೇ ಕಂಪ್ಯೂಟರ್ ಎರಡು ಕೆಲಸ ಹೊತ್ತರೆ, ಅದು ಕೆಟ್ಟ ದಿನ ಎರಡೂ ನಿಲ್ಲುತ್ತವೆ. ಪಟ್ಟಿಗೆ ಬೆಲೆ ಕೊಟ್ಟು ಯಂತ್ರವನ್ನು ಕಡೆಗಣಿಸುವವರಿಲ್ಲ. ದೈವಾರಾಧನೆಯಲ್ಲಾದರೋ ಗಗ್ಗರ ಕಳಚಿದ ಮರುಗಳಿಗೆಯಲ್ಲಿ ಹೊತ್ತ ಮೈಯನ್ನು ಜಾತಿಯ ಹೆಸರಿನಲ್ಲಿ ಅಂಗಳದಾಚೆಗೆ ನಿಲ್ಲಿಸಿದ ಕಾಲವಿತ್ತು, ಆ ರೂಢಿ ಪೂರಾ ಅಳಿದಿದೆಯೆಂದು ಹೇಳಲಾಗದು. ಇದು ಭೇದತತ್ತ್ವದ ಅನುಸರಣೆಯಲ್ಲ, ಅನ್ಯಾಯ. ನುಡಿಯ ಹಿರಿಮೆ ದೈವದ್ದೆಂದು ಒಪ್ಪಿದರೂ, ಇರುಳಿಡೀ ಆ ಭಾರವನ್ನು ಹೊತ್ತು ಕುಣಿದ ಬೆನ್ನು ಮನುಷ್ಯನದು. ಆ ಬೆನ್ನಿಗೆ ಆಸರೆಯೆಂದು ಕರ್ನಾಟಕ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಯ ಮಾಸಾಶನವನ್ನು ಪ್ರಕಟಿಸಿದ್ದು 2022ರ ಅಕ್ಟೋಬರಿನಲ್ಲಿ.