ಆರಿಸಿದ ದೀಪ, ಆರಿದ ದೀಪ

ದೀಪವನ್ನು ‘ಆರಿಸು’ ಎಂದು ನಮ್ಮ ಮನೆಯ ಹಿರಿಯರು ಎಂದೂ ಹೇಳುತ್ತಿರಲಿಲ್ಲ, ‘ಶಾಂತಮಾಡು’ ಎನ್ನುತ್ತಿದ್ದರು. ಬೆಳಕು ಹೋಗುವುದು ಅಶುಭವೆಂಬ ಅಂಜಿಕೆ ಆ ಮಾತಿನ ಹಿಂದೆ ಇತ್ತು. ಆದರೆ ಇಂದಿನ ಕಾರಿನಲ್ಲಿ ಒಂದು ದೀಪವಿದೆ; ಅದು ಹತ್ತಿದೊಡನೆ ಹೇಗಾದರೂ ಅದನ್ನು ಆರಿಸಬೇಕೆಂದು ಮನೆಮಂದಿಯೆಲ್ಲ ಚಡಪಡಿಸುತ್ತಾರೆ. ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಚಿತ್ರವಾಗಿ ಮೂಡುವ ಹಳದಿ ದೀಪ ಅದು. ತಾಳವಾಡಿ ಸೀಮೆಯ ನಮ್ಮ ಮನೆಯ ಹಳೆಯ ಪೆಟ್ರೋಲ್ ಕಾರಿನಲ್ಲಿ ಆ ದೀಪ ಒಂದೇ ವರ್ಷದಲ್ಲಿ ನಾಲ್ಕು ಸಲ ಹತ್ತಿತು. ಕಾರಣ ಹುಡುಕಹೊರಟ ನಾವಿಬ್ಬರು ಸೋದರರಿಗೆ ಕೊನೆಗೆ ಎದುರಾದದ್ದು ಬರಿಯ ಯಂತ್ರದ ಪ್ರಶ್ನೆಯಲ್ಲ, ನಡತೆಯ ಪ್ರಶ್ನೆ. ದೋಷವನ್ನು ಹಾಗೆಯೇ ಉಳಿಸಿ ದೀಪವನ್ನಷ್ಟೇ ಆರಿಸಿದರೆ ಅದು ಸುಳ್ಳಾಡಿದಂತಾಗುವುದಿಲ್ಲವೇ?

ನಾವು ಕಸುಬಿನ ಮೆಕ್ಯಾನಿಕ್‌ಗಳಲ್ಲ. ಪಂಪ್‌ಸೆಟ್ಟು, ಬೈಕುಗಳನ್ನು ಮನೆಯಂಗಳದಲ್ಲೇ ಬಿಚ್ಚಿ ಕೂಡಿಸಿ ಅಭ್ಯಾಸವಾದವರು. ಮೊದಲ ಸಲ ದೀಪ ಹತ್ತಿದಾಗ ಒಂದು ಸಣ್ಣ ಸ್ಕ್ಯಾನರ್ ಕೊಂಡು ತಂದು, ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದೆವು. ‘ಪಿ 0171’ ಎಂಬ ಕೋಡ್ ಕಂಡಿತು. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬುದು ಅದರ ಅರ್ಥ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆ ಲೆಕ್ಕ ತಪ್ಪಿತ್ತು. ಏಕೆ ತಪ್ಪಿತೆಂದು ಕೋಡ್ ಹೇಳುವುದಿಲ್ಲ. ಅದೇ ಸ್ಕ್ಯಾನರಿನಲ್ಲಿ ಕೋಡ್ ಅಳಿಸುವ ಗುಂಡಿಯೂ ಇತ್ತು. ಒತ್ತಿದೆವು, ದೀಪ ಆರಿತು, ಮನಸ್ಸು ಹಗುರವಾಯಿತು. ಹತ್ತು ದಿನ ಕಳೆಯುವುದರೊಳಗೆ ಮತ್ತೆ ಹತ್ತಿತು.

ಎರಡನೆಯ ಸಲ ನಾವು ಬುದ್ಧಿವಂತರಾದೆವೆಂದು ಭಾವಿಸಿದೆವು. ಮಿಶ್ರಣದ ದೂರು ಕೊಡುವುದು ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕವೆಷ್ಟು ಎಂಬುದನ್ನು ಅದು ನೋಡಿ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಪದೇಪದೇ ದೂರು ಬರುತ್ತಿದ್ದುದರಿಂದ ದೂರು ಕೊಡುವವನದೇ ತಪ್ಪಿರಬೇಕೆಂದು ತೀರ್ಮಾನಿಸಿ, ಸಾವಿರಾರು ರೂಪಾಯಿ ತೆತ್ತು ಸೆನ್ಸರನ್ನೇ ಬದಲಿಸಿದೆವು, ಕೋಡನ್ನೂ ಅಳಿಸಿದೆವು. ದೀಪ ಮೂರನೆಯ ಸಲ ಹತ್ತಿತು. ಹೊಸ ಸಾಕ್ಷಿಯೂ ಹಳೆಯ ಸಾಕ್ಷಿಯ ಮಾತನ್ನೇ ಆಡಿತು. ಹಳೆಯ ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತೆಂದು ನಮಗೆ ಅರಿವಾದದ್ದು ಅದನ್ನು ಗುಜರಿಗೆ ಹಾಕಿದ ಮೇಲೆ.

ಬೇಸತ್ತು ಕಾರನ್ನು ಮಾರಲು ನಿಶ್ಚಯಿಸಿದೆವು. ಪಕ್ಕದ ಊರಿನ ರೈತರೊಬ್ಬರು ನೋಡಲು ಬರುವುದಾಗಿ ತಿಳಿಸಿದರು. ಅವರು ಬರುವ ದಿನ ಬೆಳಿಗ್ಗೆ ನಾವು ಮತ್ತೆ ಗುಂಡಿ ಒತ್ತಿದೆವು. ಒಮ್ಮೆ ಅಳಿಸಿದರೆ ಈ ದೋಷದ ದೀಪ ಕೂಡಲೇ ಹತ್ತದು. ಒಂದಕ್ಕಿಂತ ಹೆಚ್ಚು ಓಟಗಳಲ್ಲಿ ದೋಷ ಕಂಡ ಮೇಲಷ್ಟೇ ಕಂಪ್ಯೂಟರ್ ಅದನ್ನು ಹೊತ್ತಿಸುತ್ತದೆ ಎಂಬುದು ಆ ವೇಳೆಗೆ ನಮಗೆ ಗೊತ್ತಿತ್ತು. ಅವರು ಕಾರನ್ನು ಓಡಿಸಿ ನೋಡಿ ಮೆಚ್ಚಿಕೊಂಡರು. ನಾಳೆ ಮುಂಗಡ ತರುವೆನೆಂದರು. ಹೊರಡುವಾಗ, “ಇನ್ನೇನೂ ತೊಂದ್ರೆ ಇಲ್ಲ ತಾನೆ?” ಎಂದು ಕೇಳಿದರು. ನಾವು ನಕ್ಕೆವು. ಆ ನಗೆಯನ್ನೇ ಅವರು ಉತ್ತರವೆಂದು ತೆಗೆದುಕೊಂಡರು.

ಆ ರಾತ್ರಿ ನಮ್ಮಿಬ್ಬರ ನಡುವೆ ವಾದ ನಡೆಯಿತು. ನಾವು ಒಂದೂ ಸುಳ್ಳು ಮಾತು ಆಡಲಿಲ್ಲವಲ್ಲ ಎಂಬುದು ಒಂದು ಪಕ್ಷ. ಹಳೆಯ ಗಾಡಿ ಕೊಳ್ಳುವವರು ತಾವೇ ಪರೀಕ್ಷಿಸಿಕೊಳ್ಳಬೇಕು. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಒಂದು ದೀಪದಿಂದ ಅವರಿಗೇನು ನಷ್ಟ? ಈ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದ ವ್ಯಾಪಾರಿಯೂ ಬಾಯಿಂದ ಸುಳ್ಳು ಹೇಳುವುದಿಲ್ಲ. ಅವನ ಪರವಾಗಿ ತಕ್ಕಡಿ ಹೇಳುತ್ತದೆ. ಹತ್ತಿದ ದೀಪ ಒಂದು ಮಾತಾದರೆ, ಹತ್ತದ ದೀಪವೂ ಒಂದು ಮಾತೇ. ‘ಇಲ್ಲಿ ಎಲ್ಲವೂ ಸರಿಯಿದೆ’ ಎಂದು ಅದು ಹೇಳುತ್ತದೆ. ಆ ಮಾತನ್ನು ಅದರಿಂದ ಹೇಳಿಸಿದವರು ನಾವು.

ಇನ್ನೂ ಒಂದು ಸಂಗತಿಯಿದೆ. ಈ ದೀಪ ಮಾಲೀಕನ ಅನುಕೂಲಕ್ಕೆಂದಷ್ಟೇ ಬಂದದ್ದಲ್ಲ. ಮುಖ್ಯವಾಗಿ ಹೊಗೆಯ ಮೇಲೆ ಕಣ್ಣಿಡಲು ಬಂದದ್ದು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಈ ಸ್ವಯಂತಪಾಸಣೆಯ ಏರ್ಪಾಡು, ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿ.ಎಸ್. 4 ಕಾರುಗಳಿಗೆ ಬಂತು. ಎಂಜಿನ್ನಿನ ದೋಷ ಬೆಳೆದು ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ ಕೆಡುವುದು ಎಲ್ಲರೂ ಉಸಿರಾಡುವ ಗಾಳಿ. ಹೀಗಿರುವಾಗ ದೀಪ ನಮ್ಮದೊಬ್ಬರದೇ ಸ್ವತ್ತೆಂದು ಹೇಗೆ ತಿಳಿಯುವುದು?

ಮರುದಿನ ಬೆಳಿಗ್ಗೆ ಆ ರೈತರಿಗೆ ಫೋನ್ ಮಾಡಿ ನಡೆದುದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ಹೇಳಿದ್ರಲ್ಲ, ಅಷ್ಟು ಸಾಕು ಬುಡಿ” ಎಂದರು. ಮುಂಗಡ ತರಲಿಲ್ಲ, ಬೇರೆ ಕಡೆ ಗಾಡಿ ಕೊಂಡರೆಂದು ನಂತರ ಕೇಳಿದೆವು.

ಕಾರು ನಮ್ಮಲ್ಲೇ ಉಳಿಯಿತು. ನಾಲ್ಕನೆಯ ಸಲ ದೀಪ ಹತ್ತಿತು. ಈ ಸಲ ಗುಂಡಿ ಒತ್ತಲಿಲ್ಲ. ದೋಷ ದಾಖಲಾದ ಗಳಿಗೆಯಲ್ಲಿ ಗಾಡಿಯ ವೇಗ, ಎಂಜಿನ್ನಿನ ಸುತ್ತು, ಬಿಸಿ ಎಷ್ಟಿದ್ದವು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಕೋಡನ್ನು ಅಳಿಸಿದರೆ ಆ ಬರಹವೂ ಅಳಿಸಿಹೋಗುತ್ತದೆ. ಮೂರು ಸಲ ನಾವು ದೀಪದ ಜೊತೆಗೆ ಅದರ ಸಾಕ್ಷ್ಯವನ್ನೂ ನಾಶಮಾಡಿದ್ದೆವು. ಈಗ ಓದಿ ನೋಡಿದರೆ, ವೇಗ ಸೊನ್ನೆ. ದಿಂಬಂ ಘಾಟಿಯ 27 ತಿರುವುಗಳನ್ನು ಏದುತ್ತ ಏರುವಾಗ ಎಂಜಿನ್ ದೂರಿರಲಿಲ್ಲ. ಕೆಳಗೆ ಬಣ್ಣಾರಿಯ ಚೆಕ್‌ಪೋಸ್ಟಿನ ಸಾಲಿನಲ್ಲಿ ಸುಮ್ಮನೆ ನಿಂತಾಗ ದೂರಿತ್ತು.

ಅದೇ ದಾರಿ ತೋರಿತು. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಒಳಗಿನ ಎಳೆತ ಹೆಚ್ಚು. ಗಾಳಿ ಒಳಹೋಗುವ ದಾರಿಯಲ್ಲಿ ಎಲ್ಲಾದರೂ ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಸುಳುತ್ತದೆ. ಭಾರ ಹೊತ್ತು ಏರುವಾಗ ಎಳೆತ ತಗ್ಗುತ್ತದೆ, ಒಟ್ಟು ಗಾಳಿ ಹೆಚ್ಚುತ್ತದೆ. ಆಗ ಆ ಸೋರಿಕೆ ಗಣನೆಗೆ ಬಾರದು. ಸ್ಕ್ಯಾನರಿನಲ್ಲಿ ನೋಡಿದೆವು. ನಿಂತ ಓಟದಲ್ಲಿ ಕಂಪ್ಯೂಟರ್ ಶೇ. 24ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು; ಸುತ್ತನ್ನು 2500ಕ್ಕೆ ಏರಿಸಿದರೆ ಅದು ಶೇ. 6ಕ್ಕೆ ಇಳಿಯುತ್ತಿತ್ತು. ತಿರುಗುವ ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟು ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಅಮುಕಿ ಮುಚ್ಚುತ್ತ ಹೋದೆವು. ಒಂದನ್ನು ಮುಚ್ಚಿದಾಗ ಎಂಜಿನ್ನಿನ ಸದ್ದು ಸಮವಾಯಿತು. ಅದರ ಅಡಿಭಾಗದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಸೀಳಿತ್ತು. ಹೊಸ ಕೊಳವೆಯ ಬೆಲೆ ನಾವು ಸುಮ್ಮನೆ ಬದಲಿಸಿದ ಸೆನ್ಸರಿನ ಬೆಲೆಯ ಹತ್ತರಲ್ಲೊಂದು ಪಾಲೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ದೀಪವನ್ನು ಕಂಡ ಕೂಡಲೇ ಗಾಬರಿಯಾಗುವುದೂ ಸಲ್ಲದು. ಅದು ಸ್ಥಿರವಾಗಿ ಉರಿದರೆ ‘ಬೇಗ ವಿಚಾರಿಸಿ’ ಎಂದರ್ಥ. ಮಿನುಗಿದರೆ ಎಂಜಿನ್ ಒಳಗೆ ಕಿಡಿ ತಪ್ಪುತ್ತಿದೆ, ಓಡಿಸುವುದನ್ನು ನಿಲ್ಲಿಸಿ ಎಂದರ್ಥ. ಸೂಚನೆಯನ್ನು ಅದರ ತೂಕಕ್ಕೆ ತಕ್ಕಂತೆ ಗ್ರಹಿಸುವುದೂ ಸತ್ಯನಿಷ್ಠೆಯ ಒಂದು ಭಾಗವೇ.

ಇದನ್ನು ಬರೆಯುವಾಗ ನಮ್ಮ ಸಂಘದ ಸಭೆಗಳು ನೆನಪಾಗುತ್ತವೆ. ‘ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಈ ಸಂಚಿಕೆಯನ್ನು ಓದಲಾರರು’ ಎಂದು ಯಾರಾದರೂ ಎದ್ದುನಿಂತು ಹೇಳಿದರೆ, ಸಭೆಯ ಶೋಭೆ ಕೆಡಿಸಿದರೆಂದು ನಮಗೆ ಅನಿಸುತ್ತದೆ. ಮುಂದಿನ ವರ್ಷ ಅವರನ್ನು ವೇದಿಕೆಗೆ ಕರೆಯುವುದಿಲ್ಲ. ಅದು ಸೆನ್ಸರ್ ಬದಲಿಸಿದ ಹಾಗೆ. ವೇದಿಕೆಯ ಅಲಂಕಾರವನ್ನು ಇನ್ನಷ್ಟು ಹೆಚ್ಚಿಸುತ್ತೇವೆ. ಅದು ಗುಂಡಿ ಒತ್ತಿದ ಹಾಗೆ. ಬಿರುಕು ಎಲ್ಲಿದೆಯೆಂದು ಹುಡುಕುವುದಕ್ಕೆ ಮನೆಮನೆಗೆ ಹೋಗಬೇಕು, ಮಕ್ಕಳ ಪಕ್ಕದಲ್ಲಿ ಕುಳಿತು ಪುಸ್ತಕ ತೆರೆಯಬೇಕು. ಆ ಕೆಲಸಕ್ಕೆ ಚಪ್ಪಾಳೆ ಇಲ್ಲ.

ಕೊಳವೆ ಬದಲಿಸಿದ ಮೇಲೂ ನಮ್ಮ ಕಾರಿನ ದೀಪ ಉರಿಯುತ್ತಲೇ ಇತ್ತು. ಗುಂಡಿ ಒತ್ತಬಹುದಿತ್ತು, ಈಗ ಅದರಲ್ಲಿ ಮೋಸವೂ ಇರಲಿಲ್ಲ. ಆದರೂ ಕಾದೆವು. ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ಕಂಪ್ಯೂಟರ್ ತಾನೇ ಆ ದೀಪವನ್ನು ಬಿಡಿಸುತ್ತದೆ. ಒಂದು ಬೆಳಿಗ್ಗೆ ಹಾಸನೂರಿನ ಕಡೆಗೆ ಹೊರಟಾಗ ನೋಡಿದೆವು: ದೀಪ ಇರಲಿಲ್ಲ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಅದು ಶಾಂತವಾಗಿತ್ತು.