ಪಾಲ್ ಕ್ಯಾಂಪ್‌ಬೆಲ್ ಎಂಬುವವನು ಇರಲಿಲ್ಲ

ಪಾಲ್ ಕ್ಯಾಂಪ್‌ಬೆಲ್ ಎಂಬ ಸಂಗೀತಗಾರ ಈ ಭೂಮಿಯ ಮೇಲೆ ಹುಟ್ಟಿರಲೇ ಇಲ್ಲ. ಆದರೂ 1950ರ ದಶಕದ ಅಮೆರಿಕದ ಗ್ರಾಮಫೋನ್ ತಟ್ಟೆಗಳ ಮೇಲೆ ಅವನ ಹೆಸರಿದೆ. ವೀವರ್ಸ್ ಎಂಬ ಪ್ರಸಿದ್ಧ ಗಾಯನ ತಂಡ ಮತ್ತು ಅದರ ಪ್ರಕಾಶಕರು ಬಳಸುತ್ತಿದ್ದ ಸುಳ್ಳು ಹೆಸರು ಅದು. ಕರ್ತೃ ಯಾರೆಂದು ಗೊತ್ತಿಲ್ಲದ ಹಳೆಯ ಹಾಡನ್ನು ಹೊಸದಾಗಿ ಹೊಂದಿಸಿ ಹಾಡಿದಾಗ ಹಕ್ಕುಸ್ವಾಮ್ಯದ ಕಾಗದದಲ್ಲಿ ಯಾರದಾದರೂ ಹೆಸರು ಬೇಕಲ್ಲ, ಅದಕ್ಕೆ. 1952ರಲ್ಲಿ ಮನೆಮಾತಾದ ‘ವಿಮೊವೆ’ ಎಂಬ ಹಾಡಿಗೂ ಕರ್ತೃ ಇದೇ ಕ್ಯಾಂಪ್‌ಬೆಲ್.

ಹಾಡಿನ ನಿಜವಾದ ಕರ್ತೃ ಆಗ ಬದುಕಿದ್ದರು. ಅವರ ಹೆಸರು ಸೊಲೊಮನ್ ಲಿಂಡಾ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದ ಮ್ಸಿಂಗಾ ಎಂಬ ಹಳ್ಳಿಗಾಡಿನಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು ಜೋಹಾನ್ಸ್‌ಬರ್ಗಿಗೆ ಬಂದ ಜುಲು ಗಾಯಕ. 1939ರಲ್ಲಿ ಅವರ ‘ಒರಿಜಿನಲ್ ಈವನಿಂಗ್ ಬರ್ಡ್ಸ್’ ತಂಡ ಗ್ಯಾಲೊ ಕಂಪನಿಯ ಸ್ಟುಡಿಯೋದಲ್ಲಿ ‘ಮ್ಬೂಬೆ’ ಎಂಬ ಹಾಡನ್ನು ಮುದ್ರಿಸಿತು. ಮ್ಬೂಬೆ ಅಂದರೆ ಸಿಂಹ. ಮೂರು ಸಲ ಹಾಡಿಸಿದರು. ಮೂರನೆಯ ಸಲ ಹಾಡು ಮುಗಿಯುತ್ತ ಬಂದಾಗ, ಕೆಳಗೆ ಗುಂಪಿನ ದಪ್ಪ ದನಿಗಳು ಒಂದೇ ಪದವನ್ನು ಉರುಳಿಸುತ್ತಿದ್ದಂತೆ, ಲಿಂಡಾ ಮೇಲಿನ ದನಿಯಲ್ಲಿ ಆ ಕ್ಷಣಕ್ಕೆ ಹೊಳೆದ ಒಂದು ರಾಗದ ಎಳೆಯನ್ನು ಎಳೆದರು. ಇವತ್ತು ಜಗತ್ತಿನ ಅರ್ಧ ಮಕ್ಕಳಿಗೆ ಗೊತ್ತಿರುವುದು ಆ ಎಳೆ. ಆ ತಟ್ಟೆ 1940ರ ದಶಕ ಮುಗಿಯುವುದರೊಳಗೆ ಆಫ್ರಿಕಾದಲ್ಲಿ ಸುಮಾರು ಒಂದು ಲಕ್ಷ ಪ್ರತಿ ಮಾರಾಟವಾಯಿತು. ಅದರ ಬಗೆಯ ಗಾಯನಕ್ಕೇ ಮ್ಬೂಬೆ ಎಂಬ ಹೆಸರು ಬಿತ್ತು. ಹಕ್ಕನ್ನು ಹತ್ತು ಷಿಲಿಂಗಿನಷ್ಟು ಸಣ್ಣ ಮೊತ್ತಕ್ಕೆ ಕಂಪನಿಗೆ ಬರೆದುಕೊಟ್ಟ ಲಿಂಡಾ, ಅದೇ ಕಂಪನಿಯಲ್ಲಿ ತಟ್ಟೆಗಳನ್ನು ಪ್ಯಾಕ್ ಮಾಡುವಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದರು.

ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಅವರ ಮೂಲಕ ಆ ತಟ್ಟೆ ವೀವರ್ಸ್ ತಂಡದ ಪೀಟ್ ಸೀಗರ್ ಕೈಗೆ ಬಂತು. ‘ಉಯಿಂಬೂಬೆ’ ಎಂಬುದು ಅವರ ಕಿವಿಗೆ ‘ವಿಮೊವೆ’ ಎಂದು ಬಿತ್ತು. 1961ರಲ್ಲಿ ಜಾರ್ಜ್ ಡೇವಿಡ್ ವೈಸ್ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಹೊಂದಿಸಿ, ಮೂಲದಲ್ಲಿ ಒಮ್ಮೆ ಮಿಂಚಿ ಮರೆಯಾಗುವ ಆ ಎಳೆಯನ್ನೇ ಹಾಡಿನ ಪಲ್ಲವಿಯಾಗಿಸಿದರು. ಟೋಕನ್ಸ್ ತಂಡ ಹಾಡಿದ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. (ಸಿಂಹ ದಟ್ಟಡವಿಯ ಪ್ರಾಣಿಯಲ್ಲ, ಹುಲ್ಲುಗಾವಲಿನದು. ಸಾಹಿತ್ಯ ಬರೆದವರಿಗೆ ಅದು ಮುಖ್ಯವೆನ್ನಿಸಲಿಲ್ಲ.) ಮುಂದಿನ ವರ್ಷ ಲಿಂಡಾ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಬ್ಯಾಂಕಿನಲ್ಲಿದ್ದದ್ದು 25 ಡಾಲರಿಗೂ ಕಡಿಮೆ ಹಣ.

ಲಿಂಡಾ ‘ಅವರು’ ಎಂದು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಾಪತ್ರಯವಿಲ್ಲ. ಕನ್ನಡದಲ್ಲಿ ಮೊದಲ ಸಾಲಿನಲ್ಲೇ ತೀರ್ಮಾನಿಸಬೇಕು. ನಮ್ಮ ಬರಹಗಳಲ್ಲಿ ಒಂದು ರೂಢಿಯಿದೆ: ಹಾಡು ಕಟ್ಟಿದ ಹಳ್ಳಿಯವನು ‘ಅವನು’, ಅದನ್ನು ಬರೆದುಕೊಂಡು ಹೋದ ವಿದ್ವಾಂಸರು ‘ಅವರು’. ಸೀಗರ್ ಮತ್ತು ಲಿಂಡಾ ಇಬ್ಬರ ಬಗ್ಗೆ ಒಂದೇ ಪುಟದಲ್ಲಿ ಬರೆಯುವಾಗ ಈ ರೂಢಿಯ ಹಿಂದಿರುವುದು ಏನೆಂದು ಕಾಣುತ್ತದೆ.

ಇಂಥ ಕಥೆ ಹೇಳಿದಾಗಲೆಲ್ಲ ನನ್ನ ಗೆಳೆಯರೊಬ್ಬರು ಒಂದೇ ಮಾತು ಎತ್ತುತ್ತಾರೆ. ಸಂಗೀತ ಯಾರಪ್ಪನ ಆಸ್ತಿ? ಒಬ್ಬರಿಂದ ಒಬ್ಬರು ಕಲಿಯದೆ ಯಾವ ಹಾಡು ಹುಟ್ಟಿದೆ? ಇದು ತೆಗೆದುಹಾಕುವಂಥ ಮಾತಲ್ಲ. ಲಿಂಡಾ ಅವರೇ ಸಾಲ ಪಡೆದವರು. ಅವರು ಓದಿದ್ದು ಮಿಷನ್ ಶಾಲೆಯಲ್ಲಿ, ಅಲ್ಲಿನ ಪ್ರಾರ್ಥನಾಗೀತೆಗಳ ಸ್ವರಮೇಳ ಅವರ ಕಿವಿಯಲ್ಲಿತ್ತು. ಅದಕ್ಕೂ ಹಿಂದೆ, 1890ರಲ್ಲಿ, ಅಮೆರಿಕದ ಕಪ್ಪು ಗಾಯಕ ಆರ್ಫಿಯಸ್ ಮ್ಯಾಕಡೂ ತಮ್ಮ ತಂಡ ಕಟ್ಟಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಬಂದಿದ್ದರು. ಅಲ್ಲಿನ ಗುಂಪುಗಾಯನದ ಮೇಲೆ ಅವರ ಪ್ರಭಾವ ದೊಡ್ಡದು. ಅಮೆರಿಕದಿಂದ ಹೋದದ್ದು ಜುಲು ಗಂಟಲಲ್ಲಿ ಬೇರೆಯಾಗಿ, ಅರವತ್ತು ವರ್ಷದ ಮೇಲೆ ಅಮೆರಿಕಕ್ಕೇ ಮರಳಿತು ಎನ್ನಬಹುದು. ಆದ್ದರಿಂದ ಬಿಳಿಯರು ಕಪ್ಪು ಜನರ ಹಾಡನ್ನು ಮುಟ್ಟಬಾರದು, ಅವರದು ಅವರಿಗೆ, ಇವರದು ಇವರಿಗೆ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಆ ಬೇಲಿ ಹಾಕಿದ್ದರೆ ‘ಮ್ಬೂಬೆ’ಯೇ ಇರುತ್ತಿರಲಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಕಂಪನಿಯ ದುರಾಸೆ ಎಂದು ಕೈತೊಳೆದುಕೊಳ್ಳುವುದು ಸುಲಭ. ನನ್ನನ್ನು ಕಾಡುವುದು ಸೀಗರ್. ವರ್ಣಭೇದದ ವಿರುದ್ಧ ಬದುಕಿಡೀ ಹಾಡಿದ ಮನುಷ್ಯ, ತಮ್ಮ ರಾಜಕೀಯ ನಿಲುವಿಗಾಗಿ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡವರು. ಲಿಂಡಾ ಅವರಿಗೆ 1000 ಡಾಲರಿನ ಚೆಕ್ ಕಳಿಸಿದವರು ಕೂಡ ಅವರೇ. ಮುಂದಿನ ಪಾಲು ತಾನಾಗಿ ಹೋಗುತ್ತಿರುತ್ತದೆ ಎಂದುಕೊಂಡಿದ್ದರು. ಅವರು ಕೇಳಿದ ತಟ್ಟೆಯ ಮೇಲೆ ಲಿಂಡಾ ಹೆಸರು ಅಚ್ಚಾಗಿತ್ತು. ಆದರೂ ಅವರ ಕಿವಿಗೆ ಬಿದ್ದದ್ದು ಒಬ್ಬ ವ್ಯಕ್ತಿಯ ಕೃತಿಯಲ್ಲ, ಆಫ್ರಿಕಾದ ಒಂದು ಹಾಡು. ಆಫ್ರಿಕಾ ಹಾಡಿತು, ನಾವು ಹೊಂದಿಸಿದೆವು. ಇದರಲ್ಲಿ ತಿರಸ್ಕಾರವಿಲ್ಲ, ಬೇಕಾದಷ್ಟು ಪ್ರೀತಿಯೇ ಇದೆ. ಆ ಪ್ರೀತಿಯಲ್ಲೇ ಲಿಂಡಾ ಕಾಣೆಯಾದರು.

ವರ್ಣ ಇಲ್ಲಿ ಹೀಗೆ ಕೆಲಸ ಮಾಡುತ್ತದೆ. ಬಿಳಿಯ ಮನುಷ್ಯ ಹಳೆಯ ರಾಗಕ್ಕೆ ನಾಲ್ಕು ಹೊಸ ಸಾಲು ಕೂಡಿಸಿದರೆ ಅದು ಅವನ ರಚನೆ. ವುಡಿ ಗತ್ರಿಯವರ ಅನೇಕ ಹಾಡುಗಳ ರಾಗ ಅವರದಲ್ಲ. ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ನ ರಾಗ ಕಾರ್ಟರ್ ಕುಟುಂಬ ಹಾಡಿದ ಹಾಡೊಂದರಿಂದ ಬಂದದ್ದು. ಆದರೂ ಅದು ಗತ್ರಿಯವರ ಹಾಡೇ, ಸರಿಯಾಗಿಯೇ. ಕಪ್ಪು ಮನುಷ್ಯ ಇಡೀ ರಾಗವನ್ನೇ ಹುಟ್ಟಿಸಿದರೂ ಅದು ಅವನ ಕುಲದ ಸಂಪತ್ತು, ಪರಂಪರೆ. ಪರಂಪರೆಗೆ ಬ್ಯಾಂಕ್ ಖಾತೆ ಇರುವುದಿಲ್ಲ.

ವೀವರ್ಸ್ ತಂಡಕ್ಕೆ 1950ರಲ್ಲಿ ಹೆಸರು ತಂದ ‘ಗುಡ್‌ನೈಟ್ ಐರೀನ್’ ನೋಡಿ. ಅದನ್ನು ಲೆಡ್ ಬೆಲ್ಲಿ ಎಂದು ಪ್ರಸಿದ್ಧರಾದ ಹಡಿ ಲೆಡ್‌ಬೆಟರ್ ಅವರಿಂದ ಕಲಿತದ್ದು. ಅವರು ಕಪ್ಪು ಗಾಯಕ, ಸೆರೆಮನೆಯಲ್ಲಿದ್ದಾಗ ಸಂಗ್ರಾಹಕ ಜಾನ್ ಲೊಮ್ಯಾಕ್ಸ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಕರ್ತೃಗಳ ಸಾಲಿನಲ್ಲಿ ಇಬ್ಬರ ಹೆಸರೂ ಇದೆ, ಹಾಡಿದವರದೂ ಬರೆದುಕೊಂಡವರದೂ. ಲೆಡ್ ಬೆಲ್ಲಿ ಹಾಡನ್ನು ಕಲಿತದ್ದು ತಮ್ಮ ಮನೆಯ ಹಿರಿಯರಿಂದ. ಇನ್ನೂ ಹಿಂದೆ ಹೋದರೆ 1886ರಲ್ಲಿ ಗಸ್ಸಿ ಡೇವಿಸ್ ಎಂಬ ಕಪ್ಪು ಗೀತರಚನಕಾರರು ಇದೇ ಹೆಸರಿನ ಹಾಡೊಂದನ್ನು ಅಚ್ಚು ಹಾಕಿಸಿದ್ದು ಸಿಗುತ್ತದೆ. ಅವರು ಹಾಡು ಬರೆದು ಹೊಟ್ಟೆ ಹೊರೆಯುತ್ತಿದ್ದ ವೃತ್ತಿಪರರು. ಅರವತ್ತು ವರ್ಷದಲ್ಲಿ ಅವರೂ ‘ಜಾನಪದ’ವಾಗಿಬಿಟ್ಟಿದ್ದರು.

ನಮ್ಮ ಜನಪದ ಗೀತೆಗಳ ಪುಸ್ತಕಗಳಲ್ಲೂ ಮುಖಪುಟದ ಮೇಲಿರುವುದು ಸಂಪಾದಕರ ಹೆಸರು. ಹಾಡಿದ ಹೆಣ್ಣುಮಗಳ ಹೆಸರು ಒಳಗಿನ ಟಿಪ್ಪಣಿಯಲ್ಲಿ, ಕೆಲವೊಮ್ಮೆ ಎಲ್ಲೂ ಇಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ‘ಸಾಹಿತ್ಯ: ಜನಪದ’ ಎಂದು ಬರೆದಿದ್ದನ್ನು ಓದುತ್ತ ಬೆಳೆದವನು ನಾನು. ಬಹಳಷ್ಟು ಹಾಡುಗಳ ಮಟ್ಟಿಗೆ ಆ ಮಾತು ನಿಜವೇ. ಆದರೆ ಬೀಸುವಾಗ ಈ ಸಾಲು ಕಟ್ಟಿದ್ದು ಒಬ್ಬಾಕೆಯೇ ಇರಬೇಕು, ಒಂದು ಬೆಳಗಿನ ಜಾವ. ನಮ್ಮ ಕೀರ್ತನಕಾರರು, ತತ್ವಪದಕಾರರು ಹಾಡಿನೊಳಗೇ ಅಂಕಿತ ಇಟ್ಟದ್ದರ ಹಿಂದೆ ಭಕ್ತಿಯಿದೆ ನಿಜ. ಅದರಿಂದ ಇನ್ನೊಂದು ಉಪಯೋಗವೂ ಆಯಿತು: ಹೆಸರು ಬಿಟ್ಟು ಹಾಡಲು ಬರದಂತಾಯಿತು. ಶಿಶುನಾಳದವರ ಪದವನ್ನು ಯಾರು ಎಲ್ಲಿ ಹಾಡಿದರೂ ಕೊನೆಗೆ ಶಿಶುನಾಳಕ್ಕೆ ಬರಲೇಬೇಕು. ಲಿಂಡಾ ಹಾಡಿನಲ್ಲಿ ಸಿಂಹದ ಹೆಸರು ಮಾತ್ರ ಇತ್ತು. ಅದೂ ಸಮುದ್ರ ದಾಟುವಾಗ ಕೆಟ್ಟಿತು.

ಇನ್ನು ಕಾನೂನು. ಅದಕ್ಕೆ ಎರಡೇ ಕಿವಿ: ಒಂದು ಸಾಹಿತ್ಯಕ್ಕೆ, ಒಂದು ಕಾಗದದ ಮೇಲೆ ಬರೆಯಬಹುದಾದ ರಾಗಕ್ಕೆ. ಅಮೆರಿಕದ ಕಪ್ಪು ಸಂಗೀತದ ಜೀವ ಹೆಚ್ಚಾಗಿ ಇರುವುದು ಇವೆರಡರ ಆಚೆ, ಲಯದಲ್ಲಿ, ದನಿಯ ಒರಟಿನಲ್ಲಿ, ತಾಳಕ್ಕೆ ಕೂದಲೆಳೆ ಹಿಂದೆ ನಿಲ್ಲುವುದರಲ್ಲಿ. ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಹಾಡಿದ ‘ಹೌಂಡ್ ಡಾಗ್’ ಕಪ್ಪು ಜನರಿಂದ ಕದ್ದ ಹಾಡು ಎಂದು ಹೇಳುವವರುಂಟು. ಅದನ್ನು ಬರೆದವರು ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಬಿಳಿಯ ಯಹೂದಿ ಹುಡುಗರು, ಆಗ ಹತ್ತೊಂಬತ್ತರ ಪ್ರಾಯದವರು. ಆದರೆ ಬರೆದದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿಗಾಗಿ. 1952ರಲ್ಲಿ ಆಕೆ ಗುಡುಗಿದ ರೀತಿಯಿಂದಲೇ ಅದು ಹಾಡಾಯಿತು. ಆ ಗುಡುಗನ್ನು ಬರೆದಿಡುವ ಕಾಲಂ ನೋಂದಣಿ ಅರ್ಜಿಯಲ್ಲಿಲ್ಲ. ಅಮೆರಿಕದಲ್ಲಿ ಇವತ್ತಿಗೂ ಹಾಡು ರೇಡಿಯೋದಲ್ಲಿ ಬಂದರೆ ಬರೆದವರಿಗೆ ಹಣ ಸಲ್ಲುತ್ತದೆ, ಹಾಡಿದವರಿಗಿಲ್ಲ.

ಬರಿಯ ಬಿಳಿಯ-ಕರಿಯ ಲೆಕ್ಕದಿಂದ ಇದು ಬಗೆಹರಿಯುವುದೂ ಇಲ್ಲ. ಜೇಮ್ಸ್ ಬ್ರೌನ್ ಅವರ 1970ರ ‘ಫಂಕಿ ಡ್ರಮ್ಮರ್’ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ಮನ್ನು ಕತ್ತರಿಸಿ ಅಂಟಿಸಿಕೊಂಡ ಹಿಪ್‌ಹಾಪ್ ಹಾಡುಗಳಿಗೆ ಲೆಕ್ಕವಿಲ್ಲ. ಕರ್ತೃ ಎಂದು ಇರುವುದು ಬ್ರೌನ್ ಒಬ್ಬರ ಹೆಸರು. ಇಬ್ಬರೂ ಕಪ್ಪು ಜನರೇ. ಸ್ಟಬಲ್‌ಫೀಲ್ಡ್ ತಮಗೆ ಹಣಕ್ಕಿಂತ ಹೆಸರು ಬಂದಿದ್ದರೆ ಚೆನ್ನಾಗಿತ್ತು ಎನ್ನುತ್ತಿದ್ದರು. ಯಜಮಾನನ ಮನೆಯಲ್ಲಿ ಕಲಿತ ಪಾಠವನ್ನು ಕೆಳಗಿನವರ ಮೇಲೆ ಪ್ರಯೋಗಿಸುವುದು ನಮಗೇನು ಹೊಸತಲ್ಲ.

ಸರಿಯಾಗಿ ಮಾಡಲು ಸಾಧ್ಯವಿತ್ತೇ? ಸಾಧ್ಯವಿತ್ತು. ಪಾಲ್ ಸೈಮನ್ 1986ರ ‘ಗ್ರೇಸ್‌ಲ್ಯಾಂಡ್’ ಆಲ್ಬಮ್ಮಿಗಾಗಿ ಜೋಹಾನ್ಸ್‌ಬರ್ಗಿಗೆ ಹೋದ ಮೇಲೆ, ಲಿಂಡಾ ಪರಂಪರೆಯಲ್ಲೇ ಬೆಳೆದ ಲೇಡಿಸ್ಮಿತ್ ಬ್ಲ್ಯಾಕ್ ಮಾಂಬಾಜೊ ತಂಡದ ಜೋಸೆಫ್ ಶಬಲಾಲಾ ಅವರೊಡನೆ ‘ಹೋಮ್‌ಲೆಸ್’ ಹಾಡನ್ನು ಕಟ್ಟಿ, ಕರ್ತೃಗಳೆಂದು ಇಬ್ಬರ ಹೆಸರನ್ನೂ ಹಾಕಿದರು. ಅಕಾರ್ಡಿಯನ್ ನುಡಿಸಿದ ಫೊರೆರೆ ಮೊಟ್ಲೊಹೆಲೊವಾ ಅವರಿಗೂ ಒಂದು ಹಾಡಿನಲ್ಲಿ ಪಾಲು ಕೊಟ್ಟರು. ವರ್ಣಭೇದ ನೀತಿಯ ವಿರುದ್ಧದ ಸಾಂಸ್ಕೃತಿಕ ಬಹಿಷ್ಕಾರವನ್ನು ಮುರಿದರೆಂಬ ಆರೋಪ ಅವರ ಮೇಲೆ ಬಂತು. ಆ ವಾದ ಬೇರೆ. ಅದೇ ಆಲ್ಬಮ್ಮಿನ ಕೊನೆಯ ಹಾಡಿನ ಬಗ್ಗೆ ಲಾಸ್ ಲೋಬೋಸ್ ಎಂಬ ಮೆಕ್ಸಿಕನ್-ಅಮೆರಿಕನ್ ತಂಡ, ತಮ್ಮ ರಚನೆಯನ್ನು ತಮ್ಮ ಹೆಸರಿಲ್ಲದೆ ಬಳಸಿದರೆಂದು ದೂರಿದ್ದೂ ಇದೆ. ನಿಜ ಏನೇ ಇರಲಿ, ಒಬ್ಬರಿಗೆ ಹೆಸರು ಕೊಡಲು ಗೊತ್ತಿದ್ದವರ ಮೇಲೆಯೇ ಇನ್ನೊಬ್ಬರಿಂದ ಇಂಥ ದೂರು ಬರುತ್ತದೆ ಎನ್ನುವುದು ಯೋಚಿಸಬೇಕಾದ ಸಂಗತಿ. ಇದು ಒಮ್ಮೆ ಕಲಿತರೆ ಮುಗಿಯುವ ಸಭ್ಯತೆಯಲ್ಲ.

ಲಿಂಡಾ ವಿಚಾರಕ್ಕೆ ಬಂದರೆ, 1994ರಲ್ಲಿ ಡಿಸ್ನಿ ಕಂಪನಿಯ ‘ಲಯನ್ ಕಿಂಗ್’ ಚಿತ್ರದೊಳಕ್ಕೂ ಆ ಎಳೆ ಹೊಕ್ಕಿತು. 2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ಇಡೀ ಕಥೆಯನ್ನು ಬರೆದ ಮೇಲೆ, 2004ರಲ್ಲಿ ಲಿಂಡಾ ವಾರಸುದಾರರ ಪರವಾಗಿ ಡಿಸ್ನಿ ಮೇಲೆ ದಾವೆ ಹೂಡಲಾಯಿತು. ವಕೀಲ ಓವೆನ್ ಡೀನ್ ಹಿಡಿದ ಅಸ್ತ್ರ ಯಾವುದೆಂದರೆ 1911ರ ಬ್ರಿಟಿಷ್ ಸಾಮ್ರಾಜ್ಯದ ಹಕ್ಕುಸ್ವಾಮ್ಯ ಕಾಯ್ದೆ. ಕರ್ತೃ ತನ್ನ ಹಕ್ಕನ್ನು ಯಾರಿಗೇ ಬರೆದುಕೊಟ್ಟಿರಲಿ, ಅವನು ಸತ್ತ 25 ವರ್ಷಕ್ಕೆ ಅದು ವಾರಸುದಾರರಿಗೆ ಮರಳುತ್ತದೆ ಎಂಬ ಕಲಮು ಅದರಲ್ಲಿತ್ತು. ಬಡ ಸಾಹಿತಿಗಳ ಸಂಸಾರ ಬೀದಿಗೆ ಬೀಳದಿರಲೆಂದು ಮಾಡಿದ್ದು. ಪಾಸು ಇಲ್ಲದೆ ಕಪ್ಪು ಮನುಷ್ಯ ಊರೊಳಗೆ ಓಡಾಡಲಾಗದಂಥ ನಾಡಿನಲ್ಲಿ ಆ ಕಲಮು ಅವನಿಗೂ ಅನ್ವಯಿಸುತ್ತದೆ ಎಂದು ತೆಗೆದುಹಾಕಲು ಯಾರಿಗೂ ಹೊಳೆದಿರಲಿಲ್ಲ.

2006ರಲ್ಲಿ ರಾಜಿಯಾಯಿತು. ಮೊತ್ತ ಗುಟ್ಟಾಗಿಯೇ ಉಳಿಯಿತು. ಹೆಣ್ಣುಮಕ್ಕಳಿಗೆ ಹಣ ಬಂತು, ಲಿಂಡಾ ‘ಸಹ-ರಚನಕಾರ’ರಾದರು. ಆ ‘ಸಹ’ ನನಗೆ ಚುಚ್ಚುತ್ತದೆ. ಆದರೂ ಟೋಕನ್ಸ್ ಹಾಡನ್ನು ಕೇಳುವುದನ್ನು ನಾನು ಬಿಟ್ಟಿಲ್ಲ, ಬಿಡಬೇಕೆಂದೂ ಅನ್ನಿಸಿಲ್ಲ. ವೈಸ್ ಆ ಎಳೆಯನ್ನು ಎತ್ತಿ ಮುಂದೆ ತರದಿದ್ದರೆ ಅದು ನನ್ನವರೆಗೆ ಬರುತ್ತಿರಲಿಲ್ಲ; ಅವರ ಕಿವಿಗೂ ಸಲ್ಲಬೇಕಾದದ್ದು ಇದೆ.

1911ರ ಕಲಮಿನ ಲೆಕ್ಕ ಶುರುವಾಗುವುದು 1987ರಿಂದ. ಅದಕ್ಕೆ ಮೊದಲಿನ 25 ವರ್ಷ ಅದರೊಳಗೆ ಬರುವುದಿಲ್ಲ. ಲಿಂಡಾ ಸಮಾಧಿಗೆ ಕಲ್ಲು ನಿಂತದ್ದು ಆ ವರ್ಷಗಳಲ್ಲಿ, ಅವರು ಸತ್ತ 18 ವರ್ಷಕ್ಕೆ.